ಬಿಪಿಗೆ ಐದನೆಯ ಕಾರಣ

ಬಿಪಿ ಯಾಕೆ ಬಂತು ಎಂದು ಚಳ್ಳಕೆರೆ ಸಂತೆಯಲ್ಲೋ ಮೊಳಕಾಲ್ಮೂರಿನ ಮಗ್ಗದ ಮನೆಯಲ್ಲೋ ಕೇಳಿ ನೋಡಿ. ಉಪ್ಪು ಜಾಸ್ತಿಯಾಯಿತು, ಸಾಲದ ಟೆನ್ಷನ್ನು, ವಯಸ್ಸಾಯಿತಲ್ಲ, ನಮ್ಮಪ್ಪಗೂ ಇತ್ತು. ಈ ನಾಲ್ಕರಲ್ಲಿ ಒಂದು ಉತ್ತರ ಬಂದೇ ಬರುತ್ತದೆ. ನಾಲ್ಕರಲ್ಲೂ ನಿಜವಿದೆ. ಬಿಪಿ ಇರುವ ಬಹಳಷ್ಟು ಮಂದಿಗೆ ಇಂಥದೇ ಕಾರಣ ಎಂದು ಬೆರಳಿಟ್ಟು ತೋರಿಸಲು ವೈದ್ಯರಿಗೂ ಆಗುವುದಿಲ್ಲ. ಆದರೆ ಬೆರಳಿಟ್ಟು ತೋರಿಸಬಹುದಾದ, ಚಿಕಿತ್ಸೆಯೂ ಇರುವ ಐದನೆಯ ಕಾರಣವೊಂದು ಹೆಚ್ಚಿನವರ ಗಮನಕ್ಕೇ ಬಾರದೆ ಉಳಿದಿದೆ. ಮೂತ್ರಪಿಂಡಗಳ ಮೇಲುಗಡೆ ಅಂಟಿಕೊಂಡಿರುವ ಅಡ್ರಿನಲ್ ಗ್ರಂಥಿಗಳ ಹಾರ್ಮೋನು ದೋಷ ಅದು. ಬಿಪಿ ಇರುವ ಇಪ್ಪತ್ತು ಮಂದಿಯಲ್ಲಿ ಹೆಚ್ಚುಕಡಿಮೆ ಒಬ್ಬರಿಗೆ ಈ ದೋಷ ಇರುತ್ತದೆ. ಮೂರು ಬಗೆಯ ಮಾತ್ರೆ ನುಂಗಿದರೂ ಬಿಪಿ ಇಳಿಯದವರಲ್ಲಿ ಐವರಿಗೊಬ್ಬರಂತೆ ಸಿಗುತ್ತಾರೆ.

ಇದನ್ನು ನಮ್ಮ ಎರಡು ತಾಲ್ಲೂಕುಗಳ ಲೆಕ್ಕಕ್ಕೆ ಇಳಿಸಿ ನೋಡೋಣ. 2011ರ ಜನಗಣತಿಯಂತೆ ಚಳ್ಳಕೆರೆ, ಮೊಳಕಾಲ್ಮೂರು ಸೇರಿ ಸುಮಾರು ಐದು ಲಕ್ಷ ಜನ. ಹದಿನೈದು ದಾಟಿದವರು ಮೂರೂವರೆ ಲಕ್ಷ ಎಂದಿಟ್ಟುಕೊಳ್ಳಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಈ ವಯಸ್ಸಿನ ಹೆಂಗಸರಲ್ಲಿ ಶೇ 21ರಷ್ಟು, ಗಂಡಸರಲ್ಲಿ ಶೇ 24ರಷ್ಟು ಮಂದಿಗೆ ಬಿಪಿ ಹೆಚ್ಚಿತ್ತು ಅಥವಾ ಅದಕ್ಕೆ ಮಾತ್ರೆ ನಡೆದಿತ್ತು. ಐವರಿಗೊಬ್ಬರು ಎಂದು ಕಮ್ಮಿ ಹಿಡಿದರೂ ಎಪ್ಪತ್ತು ಸಾವಿರ. ಅದರ ಶೇ 5 ಎಂದರೆ ಮೂರೂವರೆ ಸಾವಿರ ಜನ. ಇದು ಮನೆಮನೆ ಹೊಕ್ಕು ಎಣಿಸಿದ ಸಂಖ್ಯೆಯಲ್ಲ, ಗುಣಾಕಾರ ಅಷ್ಟೆ. ಆದರೂ ನಾಯಕನಹಟ್ಟಿ, ತಳಕು, ಪರಶುರಾಂಪುರ, ದೇವಸಮುದ್ರ, ಯಾವ ಹೋಬಳಿ ಹಿಡಿದರೂ ನೂರಾರು ಮಂದಿ ಇದ್ದಾರೆ ಎಂದು ಹೇಳಲು ಇಷ್ಟು ಸಾಕು.

ಅವರ ರಕ್ತದಲ್ಲಿ ಹೆಚ್ಚಾಗಿರುವ ಹಾರ್ಮೋನಿನ ಹೆಸರು ಆಲ್ಡೋಸ್ಟಿರೋನ್. ಲಂಡನ್ನಿನ ಸಿಲ್ವಿಯಾ ಸಿಂಪ್ಸನ್, ಜೇಮ್ಸ್ ಟೇಟ್ ಮತ್ತು ಸ್ವಿಟ್ಜರ್‌ಲೆಂಡಿನ ರಸಾಯನ ವಿಜ್ಞಾನಿಗಳು ಸೇರಿ 1953ರಲ್ಲಿ ಇದನ್ನು ಬೇರ್ಪಡಿಸಿದರು. ಇದರ ಕೆಲಸ ಮೈಯೊಳಗಿನ ಉಪ್ಪನ್ನು ಕಾಪಾಡುವುದು. ಬೆವರಿಯೋ ಭೇದಿಯಾಗಿಯೋ ಮೈಯಲ್ಲಿ ಉಪ್ಪು, ನೀರು ಇಳಿದಾಗ ಮೂತ್ರಪಿಂಡ ರೆನಿನ್ ಎಂಬ ವಸ್ತುವನ್ನು ರಕ್ತಕ್ಕೆ ಬಿಡುತ್ತದೆ. ಅದು ಒಂದೆರಡು ಹಂತ ದಾಟಿ ಅಡ್ರಿನಲ್ ಗ್ರಂಥಿಯನ್ನು ಎಬ್ಬಿಸುತ್ತದೆ. ನಾಲ್ಕೈದು ಗ್ರಾಂ ತೂಗುವ ಆ ಗ್ರಂಥಿಯಿಂದ ಆಲ್ಡೋಸ್ಟಿರೋನ್ ಹೊರಟು, ಮೂತ್ರದಲ್ಲಿ ಹೋಗಲಿದ್ದ ಸೋಡಿಯಮ್ಮನ್ನು ತಡೆದು ಒಳಗೆಳೆದುಕೊಂಡು, ಬದಲಿಗೆ ಪೊಟ್ಯಾಸಿಯಂ ಹೊರಗೆ ಹಾಕಿಸುತ್ತದೆ. ಉಪ್ಪಿನ ಜೊತೆ ನೀರೂ ಉಳಿಯುತ್ತದೆ. ಸಾಕಷ್ಟಾದ ಮೇಲೆ ರೆನಿನ್ ಇಳಿಯುತ್ತದೆ, ಆಲ್ಡೋಸ್ಟಿರೋನೂ ಇಳಿಯುತ್ತದೆ.

ವರ್ಷಕ್ಕೆ ಐನೂರು ಮಿಲಿಮೀಟರ್ ಆಸುಪಾಸು ಮಳೆ ಕಾಣುವ ಈ ಸೀಮೆಯಲ್ಲಿ, ಮೇ ತಿಂಗಳ ಬಿಸಿಲಿಗೆ ಕುರಿಯ ಹಿಂದೆ ಕಾವಲು ಅಲೆಯುವವರ ಜೀವ ಉಳಿಸುವುದು ಇದೇ ಹಾರ್ಮೋನು. ಅಮೆಜಾನ್ ಕಾಡಿನ ಯಾನೊಮಾಮಿ ಜನ ಅಡುಗೆಗೆ ಉಪ್ಪೇ ಬಳಸುವುದಿಲ್ಲ. 1970ರ ದಶಕದಲ್ಲಿ ಅವರನ್ನು ಪರೀಕ್ಷಿಸಿದ ವಿಜ್ಞಾನಿಗಳಿಗೆ ಕಂಡದ್ದು, ಅವರಲ್ಲಿ ಆಲ್ಡೋಸ್ಟಿರೋನ್ ಬಹಳ ಹೆಚ್ಚು, ಬಿಪಿ ಮಾತ್ರ ವಯಸ್ಸಾದರೂ ನೂರರ ಆಸುಪಾಸಿನಲ್ಲೇ. ಹಾಗಾದರೆ ಆಲ್ಡೋಸ್ಟಿರೋನ್ ಹೆಚ್ಚಿರುವುದೇ ಕೇಡಲ್ಲ. ಉಪ್ಪು ಸಮೃದ್ಧವಾಗಿದ್ದೂ ಅದು ಹೆಚ್ಚೇ ಉಳಿದರೆ ಕೇಡು. ದಿನಕ್ಕೆ 5 ಗ್ರಾಂ ಉಪ್ಪು ಸಾಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಾವು ತಿನ್ನುವುದು ಎಂಟಕ್ಕೂ ಮೇಲೆ. ಉಪ್ಪಿನಕಾಯಿ, ಮಂಡಕ್ಕಿ-ಮೆಣಸಿನಕಾಯಿ, ಶೇಂಗಾ ಚಟ್ನಿ, ಬಾಳಕದ ಮೆಣಸಿನಕಾಯಿ ಎಲ್ಲದರಲ್ಲೂ ಉಪ್ಪು ಮುಂದಿರುವ ನಮ್ಮ ಊಟದ ಮೇಲೆ ಗ್ರಂಥಿಯೂ ಕೆಟ್ಟರೆ ಏನಾಗುತ್ತದೆ? ಗದ್ದೆ ತುಂಬಿದ ಮೇಲೂ ಮಡೆ ಮುಚ್ಚದ ನೀರುಗಂಟಿಯ ಹಾಗೆ ಅದು ರೆನಿನ್ನಿನ ಮಾತು ಕೇಳದೆ ಆಲ್ಡೋಸ್ಟಿರೋನ್ ಬಿಡುತ್ತಲೇ ಇರುತ್ತದೆ. ಬಿಪಿ ಏರುತ್ತದೆ. ಕೆಲವರಲ್ಲಿ ಪೊಟ್ಯಾಸಿಯಂ ಇಳಿಯುತ್ತದೆ. ಹೃದಯದ ಸ್ನಾಯು, ರಕ್ತನಾಳದ ಗೋಡೆ, ಮೂತ್ರಪಿಂಡ ಮೂರೂ ನೇರವಾಗಿ ಪೆಟ್ಟು ತಿನ್ನುತ್ತವೆ.

ಈ ಕೊನೆಯ ಮಾತನ್ನು ಒತ್ತಿ ಹೇಳಬೇಕು. 2018ರಲ್ಲಿ ಮೂವತ್ತೊಂದು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಸಾಮಾನ್ಯ ಬಿಪಿ ಇರುವವರಿಗಿಂತ ಆಲ್ಡೋಸ್ಟಿರೋನ್ ಬಿಪಿ ಇರುವವರಲ್ಲಿ ಲಕ್ವ ಹೊಡೆಯುವ ಸಂಭವ ಎರಡೂವರೆ ಪಟ್ಟು, ಹೃದಯದ ಲಯ ತಪ್ಪುವ ಸಂಭವ ಮೂರೂವರೆ ಪಟ್ಟು ಹೆಚ್ಚಿತ್ತು. ನಲವತ್ತರ ಗಂಡಸಿಗೆ ಲಕ್ವ ಹೊಡೆದರೆ ಹಣೆಬರಹ ಎಂದು ಸುಮ್ಮನಾಗುವ ಮೊದಲು ಆ ಮನೆಯವರ ಬಿಪಿಯ ಮೂಲ ಹುಡುಕಬೇಕಾದದ್ದು ಇದಕ್ಕೇ.

ಇಷ್ಟು ದೊಡ್ಡ ಸಂಗತಿ ಇಷ್ಟು ದಿನ ಯಾಕೆ ಮರೆಯಲ್ಲಿತ್ತು? ಅದಕ್ಕೊಂದು ಕಥೆಯಿದೆ. ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ವೈದ್ಯ ಜೆರೋಮ್ ಕಾನ್ ಬಳಿಗೆ 1954ರಲ್ಲಿ 34 ವರ್ಷದ ಹೆಂಗಸೊಬ್ಬಳು ಬಂದಳು. ಏಳು ವರ್ಷದಿಂದ ಆಕೆಗೆ ಸ್ನಾಯು ಸೆಳೆತ, ಆಗಾಗ ಕಾಲಿನ ಬಲವೇ ಹೋಗುವುದು, ಬಿಪಿ ಬೇರೆ. ಪೊಟ್ಯಾಸಿಯಂ ತೀರಾ ಕೆಳಗಿತ್ತು. ಅಡ್ರಿನಲ್ ಗ್ರಂಥಿಯೇ ಕಾರಣ ಎಂದು ಕಾನ್ ತರ್ಕಿಸಿದರು. ಆ ಡಿಸೆಂಬರಿನಲ್ಲಿ ಹೊಟ್ಟೆ ಬಿಚ್ಚಿದ ಶಸ್ತ್ರವೈದ್ಯರಿಗೆ ಗ್ರಂಥಿಯ ಮೇಲೆ ಗಡ್ಡೆ ಸಿಕ್ಕಿತು. ಅದನ್ನು ತೆಗೆದ ಮೇಲೆ ಆಕೆಯ ಬಿಪಿಯೂ ಪೊಟ್ಯಾಸಿಯಮ್ಮೂ ಸರಿಹೋದವು. ಈ ಕಾಯಿಲೆಗೆ ಕಾನ್ ಸಿಂಡ್ರೋಮ್ ಎಂಬ ಹೆಸರೂ ಅಂಟಿತು. ಪೋಲೆಂಡಿನ ಮಿಹಾವ್ ಲಿಟಿನ್‌ಸ್ಕಿ ಎಂಬ ವೈದ್ಯರು 1953ರಲ್ಲೇ ಇಂಥ ರೋಗಿಗಳ ಬಗ್ಗೆ ಬರೆದಿದ್ದರು. ಪೋಲಿಷ್ ಭಾಷೆಯಲ್ಲಿದ್ದ ಆ ಲೇಖನವನ್ನು ಹೊರಗಿನವರು ಓದಲಿಲ್ಲ.

ಮುಂದಿನ ದಶಕದಲ್ಲಿ ಕಾನ್ ಒಂದು ಧೈರ್ಯದ ಮಾತು ಹೇಳಿದರು. ಕಾರಣ ಗೊತ್ತಿಲ್ಲದ ಬಿಪಿ ಎಂದು ಬರೆದಿಡುವವರಲ್ಲಿ ನೂರಕ್ಕೆ ಇಪ್ಪತ್ತರವರೆಗೂ ಈ ಕಾಯಿಲೆ ಇರಬಹುದು ಎಂದು. ಉಳಿದ ವೈದ್ಯಲೋಕ ಒಪ್ಪಲಿಲ್ಲ. ಪೊಟ್ಯಾಸಿಯಂ ಇಳಿದವರನ್ನು ಮಾತ್ರ ಪರೀಕ್ಷಿಸಿ, ನೂರಕ್ಕೆ ಒಬ್ಬರೂ ಇಲ್ಲ ಎಂದು ತೀರ್ಮಾನಿಸಿತು. ಮೂವತ್ತು ವರ್ಷ ಪಠ್ಯಪುಸ್ತಕಗಳು ಇದನ್ನೇ ಹೇಳಿದವು, ಇವತ್ತು ಐವತ್ತು ದಾಟಿರುವ ನಮ್ಮ ವೈದ್ಯರೂ ಇದನ್ನೇ ಓದಿದರು. ಆಲ್ಡೋಸ್ಟಿರೋನ್ ಎಷ್ಟಿದೆ, ರೆನಿನ್ ಎಷ್ಟಿದೆ ಎಂದು ಎರಡನ್ನೂ ಒಟ್ಟಿಗೆ ಅಳೆದು ಅನುಪಾತ ನೋಡುವ ವಿಧಾನ 1980ರ ದಶಕದಲ್ಲಿ ಬಂತು. ಆಸ್ಟ್ರೇಲಿಯದ ಬ್ರಿಸ್ಬೇನಿನಲ್ಲಿ ರಿಚರ್ಡ್ ಗಾರ್ಡನ್ ಅವರ ತಂಡ ಪೊಟ್ಯಾಸಿಯಂ ಸರಿಯಿದ್ದವರನ್ನೂ ಹೀಗೆ ಪರೀಕ್ಷಿಸತೊಡಗಿದಾಗ ಪತ್ತೆಯಾಗುವವರ ಸಂಖ್ಯೆ ಹಲವು ಪಟ್ಟು ಏರಿತು. ಕಾಯಿಲೆ ಇರುವವರಲ್ಲಿ ಹೆಚ್ಚಿನವರಿಗೆ ಪೊಟ್ಯಾಸಿಯಂ ಸರಿಯಾಗಿಯೇ ಇರುತ್ತದೆ ಎಂಬುದು ಆಮೇಲೆ ಸ್ಪಷ್ಟವಾಯಿತು.

ಈಗಿನ ಅಂಕಿಗಳನ್ನು ನೋಡಿ. ಇಟಲಿಯಲ್ಲಿ ಹೊಸದಾಗಿ ಬಿಪಿ ಪತ್ತೆಯಾಗಿ ವಿಶೇಷ ಕೇಂದ್ರಗಳಿಗೆ ಬಂದ 1,125 ಮಂದಿಯಲ್ಲಿ ಶೇ 11.2ರಷ್ಟು ಜನಕ್ಕೆ ಈ ದೋಷವಿತ್ತು. ಅದು 2006ರ ವರದಿ. ವಿಶೇಷ ಕೇಂದ್ರಕ್ಕೆ ಕಷ್ಟದ ರೋಗಿಗಳೇ ಹೋಗುತ್ತಾರೆ, ಅಂಕಿ ಉಬ್ಬಿರಬಹುದು ಎಂಬ ಅನುಮಾನ ನ್ಯಾಯವಾದದ್ದೇ. ಅದಕ್ಕೆ ಉತ್ತರ 2017ರಲ್ಲಿ ಟೊರಿನೊ ನಗರದಿಂದ ಬಂತು. ಅಲ್ಲಿ ಬಡಾವಣೆಯ ಸಾಮಾನ್ಯ ವೈದ್ಯರ ಹತ್ತಿರ ಬರುವ 1,672 ಬಿಪಿ ರೋಗಿಗಳನ್ನು ಪರೀಕ್ಷಿಸಿದರು. ಶೇ 5.9ರಷ್ಟು ಮಂದಿಗೆ ಇತ್ತು. ಸಣ್ಣ ಪ್ರಮಾಣದ ಬಿಪಿ ಇದ್ದವರಲ್ಲಿ ಶೇ 3.9, ತೀವ್ರವಾಗಿದ್ದವರಲ್ಲಿ ಶೇ 11.8. ಟೊರಿನೊದ ಲೆಕ್ಕವೇ ನಮ್ಮಂಥ ತಾಲ್ಲೂಕಿಗೆ ಹೆಚ್ಚು ಹೊಂದುತ್ತದೆ ಎಂದು ನನ್ನ ಎಣಿಕೆ, ಯಾಕೆಂದರೆ ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಲಿನಲ್ಲಿ ನಿಲ್ಲುವವರೂ ಅಂಥ ಸಾಮಾನ್ಯ ರೋಗಿಗಳೇ. 2020ರಲ್ಲಿ ಅಮೆರಿಕದ ನಾಲ್ಕು ಕೇಂದ್ರಗಳು ಇಪ್ಪತ್ನಾಲ್ಕು ಗಂಟೆಯ ಮೂತ್ರದಲ್ಲಿ ಆಲ್ಡೋಸ್ಟಿರೋನ್ ಅಳೆದಾಗ ಇನ್ನೂ ದೊಡ್ಡ ಅಂಕಿ ಬಂತು, ಎರಡನೇ ಹಂತದ ಬಿಪಿಯಲ್ಲಿ ಶೇ 21ಕ್ಕೂ ಹೆಚ್ಚು. ಕಾನ್ ಅರವತ್ತು ವರ್ಷ ಮೊದಲೇ ಹೇಳಿದ್ದ ಅಂಕಿಯ ಹತ್ತಿರವೇ ಇದು.

ಹೀಗಿದ್ದೂ ಪರೀಕ್ಷೆ ನಡೆಯುತ್ತಿಲ್ಲ. ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ಮಾತ್ರೆಗೆ ಬಗ್ಗದ ಬಿಪಿ ಇದ್ದ ಎರಡೂವರೆ ಲಕ್ಷಕ್ಕೂ ಹೆಚ್ಚು ಮಂದಿಯಲ್ಲಿ ನೂರಕ್ಕೆ ಇಬ್ಬರಿಗೂ ಈ ಪರೀಕ್ಷೆ ಆಗಿರಲಿಲ್ಲ. ದುಡ್ಡಿರುವ ದೇಶದ್ದೇ ಈ ಕಥೆ.

ನಮ್ಮ ಕಡೆ ಇದು ಬೇರೆ ವೇಷದಲ್ಲಿ ಅಡಗಿಕೊಳ್ಳುತ್ತದೆ. ಪೊಟ್ಯಾಸಿಯಂ ಇಳಿದವರಿಗೆ ಕಾಲು ಸೋಲುತ್ತದೆ, ಮೀನಖಂಡ ಹಿಡಿದುಕೊಳ್ಳುತ್ತದೆ, ರಾತ್ರಿ ಮೂರ್ನಾಲ್ಕು ಸಲ ಮೂತ್ರಕ್ಕೆ ಏಳಬೇಕಾಗುತ್ತದೆ, ಬಾಯಾರಿಕೆ. ಮೊಳಕಾಲ್ಮೂರಿನ ರೇಷ್ಮೆ ನೇಕಾರರು ಕುಣಿಮಗ್ಗದೊಳಗೆ ಕಾಲಿಳಿಬಿಟ್ಟು ದಿನವೆಲ್ಲ ತುಳಿಯುತ್ತಾರೆ. ಕಾಲು ನೋವು ಎಂದರೆ ಮಗ್ಗದ ನೋವು ಎಂದೇ ಮನೆಯವರೂ ನಂಬುತ್ತಾರೆ. ಶೇಂಗಾ ಹೊಲದ ಕೂಲಿಯವರ ಸುಸ್ತು ಬಿಸಿಲಿನ ಸುಸ್ತು ಎನಿಸಿಕೊಳ್ಳುತ್ತದೆ. ರಾತ್ರಿಯ ಮೂತ್ರ ಶುಗರ್ ಲೆಕ್ಕಕ್ಕೆ ಹೋಗುತ್ತದೆ. ಬಹಳ ಸಲ ಇವೆಲ್ಲ ನಿಜವೂ ಹೌದು. ಆದರೆ ಬಿಪಿಯ ಜೊತೆಗೆ ಇವು ಇದ್ದರೆ, ಅದರಲ್ಲೂ ಬಿಪಿಗೆಂದು ಕೊಟ್ಟ ಮೂತ್ರ ಹೆಚ್ಚಿಸುವ ಗುಳಿಗೆ ಶುರುವಾದ ಮೇಲೆ ಕಾಲಿನ ಬಲ ಇನ್ನೂ ಕುಂದಿದರೆ, ಪೊಟ್ಯಾಸಿಯಂ ನೋಡಲೇಬೇಕು. ಆ ಗುಳಿಗೆಯೂ ಪೊಟ್ಯಾಸಿಯಂ ಇಳಿಸುತ್ತದೆ. ಆಲ್ಡೋಸ್ಟಿರೋನ್ ದೋಷ ಇದ್ದವರಲ್ಲಿ ಇನ್ನೂ ಬೇಗ ಇಳಿಸುತ್ತದೆ. ರಕ್ತ ತೆಗೆಯುವಾಗ ಮುಷ್ಟಿ ಬಿಗಿದು ಬಿಡಿಸಿ ಮಾಡಬೇಡಿ, ಹಾಗೆ ಮಾಡಿದರೆ ಪೊಟ್ಯಾಸಿಯಂ ಇರುವುದಕ್ಕಿಂತ ಹೆಚ್ಚು ತೋರಿಸಿ ಮೋಸವಾಗುತ್ತದೆ.

ಅಡ್ರಿನಲ್ಲಿನ ಇನ್ನೆರಡು ಕಾಯಿಲೆಗಳೂ ಬಿಪಿ ಏರಿಸುತ್ತವೆ, ಆದರೆ ಅಪರೂಪ. ಗ್ರಂಥಿಯ ಒಳತಿರುಳಿನಲ್ಲಿ ಬೆಳೆಯುವ ಫಿಯೋಕ್ರೋಮೋಸೈಟೋಮ ಎಂಬ ಗಡ್ಡೆ ಬಿಪಿ ಇರುವ ಸಾವಿರ ಮಂದಿಯಲ್ಲಿ ಒಬ್ಬರಿಂದ ಆರು ಮಂದಿಗೆ ಇರಬಹುದು. ಇದ್ದಕ್ಕಿದ್ದಂತೆ ತಲೆ ಸಿಡಿಯುವುದು, ಎದೆ ಹೊಡೆದುಕೊಳ್ಳುವುದು, ಮೈಯೆಲ್ಲ ಬೆವರುವುದು, ಸ್ವಲ್ಪ ಹೊತ್ತಿಗೆ ಎಲ್ಲ ಶಾಂತ. ಗಾಳಿ ಸೋಕಿತು ಎಂದು ತಾಯತ ಕಟ್ಟಿಸುವವರು ಇದ್ದಾರೆ. ಕಟ್ಟಿಸಲಿ, ಆದರೆ ಆ ಹೊತ್ತಿನಲ್ಲಿ ಬಿಪಿಯನ್ನೂ ನೋಡಿಸಲಿ. ಪತ್ತೆಯಾಗದ ಈ ಗಡ್ಡೆ ಹೆರಿಗೆಯಲ್ಲೋ ಆಪರೇಷನ್ನಿನಲ್ಲೋ ಪ್ರಾಣ ತೆಗೆಯಬಹುದು.

ಇನ್ನೊಂದು ಕುಶಿಂಗ್ ಸಿಂಡ್ರೋಮ್, ಅಡ್ರಿನಲ್ಲಿನ ಮತ್ತೊಂದು ಹಾರ್ಮೋನಾದ ಕಾರ್ಟಿಸಾಲ್ ಹೆಚ್ಚಾಗುವುದು. ಗ್ರಂಥಿ ತಾನಾಗಿ ಕೆಟ್ಟು ಬರುವ ಕುಶಿಂಗ್ ಬಿಪಿ ಇರುವವರಲ್ಲಿ ನೂರಕ್ಕೆ ಒಬ್ಬರಿಗಿಂತ ಕಡಿಮೆ. ಆದರೆ ಹೊರಗಿನಿಂದ ತಂದುಕೊಳ್ಳುವ ಕುಶಿಂಗ್ ನನ್ನನ್ನು ಹೆಚ್ಚು ಚಿಂತೆಗೆ ಹಚ್ಚುತ್ತದೆ. ಚಿತ್ರದುರ್ಗ ಜಿಲ್ಲೆಯ ಎಷ್ಟೋ ಹಳ್ಳಿಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮಿತಿ ದಾಟಿದೆ. ಕೀಲು ನೋವು, ಬೆನ್ನು ಬಗ್ಗದಿರುವುದು ಇಲ್ಲಿ ಊರೂರ ಪಾಡು. ನೋವಿಗೆ ಇಂಜೆಕ್ಷನ್, ಪೊಟ್ಟಣದಲ್ಲಿ ಕಟ್ಟಿಕೊಡುವ ಹೆಸರಿಲ್ಲದ ಮಾತ್ರೆ. ಅದರೊಳಗೆ ಸ್ಟಿರಾಯ್ಡ್ ಇದ್ದರೆ ನೋವು ಪವಾಡದಂತೆ ಇಳಿಯುತ್ತದೆ; ತಿಂಗಳುಗಟ್ಟಲೆ ತಿಂದರೆ ಮುಖ ಊದಿ ದುಂಡಗಾಗಿ, ಕೈಕಾಲು ಸಣ್ಣಗಾಗಿ, ಬಿಪಿ-ಶುಗರ್ ಎರಡೂ ಏರುತ್ತವೆ. ಬರೀ ನೋವಿನ ಗುಳಿಗೆಯಾದರೂ ಬಿಪಿ ಏರಿಸುವ ಗುಣ ಅವುಗಳಲ್ಲಿ ಹಲವಕ್ಕಿದೆ. ಇಲ್ಲೊಂದು ಎಚ್ಚರ: ಬಹಳ ಕಾಲ ಸ್ಟಿರಾಯ್ಡ್ ತಿಂದವರು ಇದನ್ನೋದಿ ಒಮ್ಮೆಲೇ ನಿಲ್ಲಿಸಬಾರದು. ಅಷ್ಟು ಹೊತ್ತಿಗೆ ಅವರ ಸ್ವಂತ ಅಡ್ರಿನಲ್ ಕೆಲಸ ಮರೆತಿರುತ್ತದೆ, ಬಿಪಿ ಕುಸಿದು ಜೀವಕ್ಕೇ ಕುತ್ತು ಬರಬಹುದು. ವೈದ್ಯರ ಕಣ್ಣಳತೆಯಲ್ಲಿ ಹಂತಹಂತವಾಗಿ ಇಳಿಸಬೇಕು.

ಕೆಮ್ಮಿಗೆ, ಗಂಟಲಿಗೆ, ಹೊಟ್ಟೆಯುರಿಗೆ ಮನೆಮದ್ದಾಗಿರುವ ಜ್ಯೇಷ್ಠಮಧುವನ್ನೂ ಈ ಪಟ್ಟಿಗೆ ಸೇರಿಸಬೇಕು. ನಾಲ್ಕು ದಿನದ ಕಷಾಯದಿಂದ ಏನೂ ಆಗದು. ದಿನವೂ ವಾರಗಟ್ಟಲೆ ಸೇವಿಸಿದರೆ ಅದರೊಳಗಿನ ಗ್ಲಿಸಿರೈಜಿನ್, ಕಾರ್ಟಿಸಾಲನ್ನು ನಿಷ್ಕ್ರಿಯಗೊಳಿಸುವ ಕಿಣ್ವವನ್ನು ತಡೆಯುತ್ತದೆ. ಆಗ ಕಾರ್ಟಿಸಾಲ್ ಆಲ್ಡೋಸ್ಟಿರೋನಿನ ಕೆಲಸ ಮಾಡತೊಡಗುತ್ತದೆ. ಬಿಪಿ ಏರಿ ಪೊಟ್ಯಾಸಿಯಂ ಇಳಿಯುತ್ತದೆ. ಕಾನ್ ಸಿಂಡ್ರೋಮಿನ ಪಡಿಯಚ್ಚು, ಆದರೆ ಗ್ರಂಥಿಯಲ್ಲಿ ದೋಷವಿಲ್ಲ. ವೈದ್ಯರ ಮುಂದೆ ಕಷಾಯ, ಚೂರ್ಣಗಳ ಹೆಸರನ್ನೂ ಹೇಳಿ ಎನ್ನುವುದು ಅದಕ್ಕೇ.

ಚಿಕಿತ್ಸೆಯ ವಿಷಯಕ್ಕೆ ಬಂದರೆ ಆಲ್ಡೋಸ್ಟಿರೋನ್ ಬಿಪಿಯವರ ಅದೃಷ್ಟ ದೊಡ್ಡದು. ಒಂದೇ ಬದಿಯ ಗ್ರಂಥಿ ಕೆಟ್ಟಿದ್ದರೆ ಅದನ್ನು ದುರ್ಬೀನು ಶಸ್ತ್ರಕ್ರಿಯೆಯಿಂದ ತೆಗೆಯಬಹುದು. 2017ರ ಒಂದು ಅಂತರರಾಷ್ಟ್ರೀಯ ಅಧ್ಯಯನದಲ್ಲಿ ಹೀಗೆ ಮಾಡಿಸಿಕೊಂಡವರ ಪೈಕಿ ಶೇ 37ರಷ್ಟು ಮಂದಿ ಬಿಪಿ ಮಾತ್ರೆಯನ್ನೇ ಬಿಟ್ಟರು. ಇನ್ನೂ ಶೇ 47ರಷ್ಟು ಜನಕ್ಕೆ ಬಿಪಿಯೋ ಮಾತ್ರೆಯೋ ಕಡಿಮೆಯಾಯಿತು. ವಯಸ್ಸು ಚಿಕ್ಕದಿದ್ದು, ಬಿಪಿ ಬಂದು ಬಹಳ ವರ್ಷವಾಗದಿದ್ದವರಿಗೆ ಹೆಚ್ಚು ಗುಣ. ತಡಮಾಡಿದಷ್ಟೂ ರಕ್ತನಾಳಗಳು ಗಟ್ಟಿಯಾಗಿ, ಗಡ್ಡೆ ತೆಗೆದರೂ ಬಿಪಿ ಉಳಿದುಬಿಡುತ್ತದೆ. ಯಾವ ಬದಿ ಕೆಟ್ಟಿದೆ ಎಂದು ತಿಳಿಯಲು ಸ್ಕ್ಯಾನ್ ಒಂದನ್ನೇ ನಂಬುವಂತಿಲ್ಲ. ವಯಸ್ಸಾದವರ ಅಡ್ರಿನಲ್ಲಿನಲ್ಲಿ ನಿರುಪದ್ರವಿ ಗಂಟುಗಳು ಸಾಮಾನ್ಯ. ಎರಡೂ ಗ್ರಂಥಿಗಳ ಅಭಿಧಮನಿಯಿಂದ ಬೇರೆಬೇರೆಯಾಗಿ ರಕ್ತ ತೆಗೆದು ಹೋಲಿಸುವ ಸೂಕ್ಷ್ಮ ಪರೀಕ್ಷೆ ಬೇಕಾಗುತ್ತದೆ. ಅದಕ್ಕೆ ದೊಡ್ಡ ನಗರದ ಆಸ್ಪತ್ರೆಯೇ ಗತಿ.

ಆದರೆ ಎರಡೂ ಬದಿ ಕೆಟ್ಟವರಿಗೆ, ಆಪರೇಷನ್ ಬೇಡವೆನ್ನುವವರಿಗೆ ಬೇಕಾದದ್ದು ಸ್ಪೈರೋನೋಲ್ಯಾಕ್ಟೋನ್ ಎಂಬ ಅರವತ್ತು ವರ್ಷ ಹಳೆಯ, ಕೆಲವೇ ರೂಪಾಯಿಯ ಗುಳಿಗೆ. ಆಲ್ಡೋಸ್ಟಿರೋನ್ ಹೋಗಿ ಕೂರುವ ಜಾಗವನ್ನೇ ಅದು ಮುಚ್ಚುತ್ತದೆ. ನಮ್ಮ ರಾಷ್ಟ್ರೀಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿಯೂ ಅದು ಇದೆ. ಬ್ರಿಟನ್ನಿನ 2015ರ ಪಾಥ್‌ವೇ-2 ಪರೀಕ್ಷೆಯಲ್ಲಿ, ಮೂರು ಮಾತ್ರೆಗೆ ಬಗ್ಗದ ಬಿಪಿಗೆ ನಾಲ್ಕನೆಯದಾಗಿ ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡಿದ್ದೂ ಇದೇ. ಗಂಡಸರಿಗೆ ಎದೆ ಊದಿ ನೋವಾಗಬಹುದು, ಮೂತ್ರಪಿಂಡ ಸೋತವರಿಗೆ ಪೊಟ್ಯಾಸಿಯಂ ಅಪಾಯದ ಮಟ್ಟಕ್ಕೆ ಏರಬಹುದು. ಹಾಗಾಗಿ ಅಂಗಡಿಯಲ್ಲಿ ಕೇಳಿ ತಂದು ನುಂಗುವ ಗುಳಿಗೆಯಲ್ಲ, ರಕ್ತ ಪರೀಕ್ಷಿಸುತ್ತಾ ಕೊಡಬೇಕಾದದ್ದು.

2025ರ ಜುಲೈನಲ್ಲಿ ಹಾರ್ಮೋನು ತಜ್ಞರ ಸಂಘವಾದ ಎಂಡೋಕ್ರೈನ್ ಸೊಸೈಟಿ ತನ್ನ ಮಾರ್ಗಸೂಚಿಯನ್ನು ಬದಲಿಸಿತು. ಬಿಪಿ ಇರುವ ಎಲ್ಲರಿಗೂ ಆಲ್ಡೋಸ್ಟಿರೋನ್-ರೆನಿನ್ ಪರೀಕ್ಷೆ ಮಾಡಿ ಎಂಬುದು ಅದರ ಈಗಿನ ಸಲಹೆ. ಹಿಂದಿನಂತೆ ಮಾತ್ರೆಗಳನ್ನೆಲ್ಲ ನಿಲ್ಲಿಸಿ ಕಾಯಬೇಕಿಲ್ಲ, ಮೊದಲ ಪರೀಕ್ಷೆಯನ್ನು ಮಾತ್ರೆ ತಿನ್ನುತ್ತಲೇ ಮಾಡಿ, ಫಲಿತಾಂಶವನ್ನು ಮಾತ್ರೆಗಳ ಹಿನ್ನೆಲೆಯಲ್ಲಿ ಓದಿ ಎಂದೂ ಅದು ಹೇಳುತ್ತದೆ. ಖಾಸಗಿ ಲ್ಯಾಬಿನಲ್ಲಿ ಇದಕ್ಕೆ ಕೆಲವು ಸಾವಿರ ರೂಪಾಯಿ. 2025-26ರಲ್ಲಿ ರಾಜ್ಯದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ವಾರಗಟ್ಟಲೆ ದುಡಿಮೆ ಒಂದು ರಕ್ತ ಪರೀಕ್ಷೆಗೆ ಹೋಗುವುದಾದರೆ ಯಾರು ಮಾಡಿಸುತ್ತಾರೆ? ಎಪ್ಪತ್ತು ಸಾವಿರ ಮಂದಿಗೂ ನಾಳೆಯೇ ಮಾಡಿ ಎಂದು ನಾನು ಕೇಳುವುದಿಲ್ಲ. ಮೊದಲು ಮಾಡಬೇಕಾದವರು ಯಾರೆಂಬುದು ಗೊತ್ತಿದೆ: ನಲವತ್ತಕ್ಕೆ ಮೊದಲೇ ಬಿಪಿ ಬಂದವರು, ಮೂರು ಮಾತ್ರೆಯನ್ನು ತಪ್ಪದೆ ನುಂಗಿಯೂ ಇಳಿಯದವರು, ಪೊಟ್ಯಾಸಿಯಂ ಇಳಿದವರು, ಬೇರೇನೋ ಸ್ಕ್ಯಾನಿನಲ್ಲಿ ಅಡ್ರಿನಲ್ ಗಂಟು ಕಂಡವರು, ಜೋರು ಗೊರಕೆಯ ನಡುವೆ ಉಸಿರು ನಿಲ್ಲುವವರು, ಮನೆಯಲ್ಲಿ ಚಿಕ್ಕ ವಯಸ್ಸಿಗೇ ಲಕ್ವ ಕಂಡವರು. ತಪ್ಪದೆ ನುಂಗಿಯೂ ಎಂದದ್ದಕ್ಕೆ ಕಾರಣವಿದೆ. ಬಿಪಿ ಇಳಿಯದಿರುವುದಕ್ಕೆ ಮಾತ್ರೆ ಬಿಟ್ಟಿರುವುದೇ ಎಷ್ಟೋ ಮನೆಗಳಲ್ಲಿ ಕಾರಣ, ಅದನ್ನು ಮೊದಲು ಕೇಳಬೇಕು.

ಇದು ಆಗದ ಕೆಲಸವಲ್ಲ. 2024ರಲ್ಲಿ ಕೋಲಾರದಿಂದ ಶುರುವಾದ ಗೃಹ ಆರೋಗ್ಯ ಯೋಜನೆ ಮನೆಬಾಗಿಲಿಗೆ ಬಂದು ಬಿಪಿ, ಶುಗರ್ ನೋಡುತ್ತದೆ. ಯಾರ ಬಿಪಿ ಬಗ್ಗುತ್ತಿಲ್ಲ ಎಂಬ ಹೆಸರುಗಳು ಅದರ ಪುಸ್ತಕದಲ್ಲೇ ಸಿಗುತ್ತವೆ. ಚಿತ್ರದುರ್ಗಕ್ಕೆ ಸರ್ಕಾರಿ ವೈದ್ಯಕೀಯ ಕಾಲೇಜೂ ಬಂದಿದೆ. ಬೆಳಿಗ್ಗೆ ಎದ್ದು ಎರಡು ಗಂಟೆ ಓಡಾಡಿದವರನ್ನು ಸ್ವಲ್ಪ ಹೊತ್ತು ಕೂರಿಸಿ ರಕ್ತ ತೆಗೆದು, ಅದನ್ನು ಐಸ್ ಮೇಲಿಡದೆ ತಾಲ್ಲೂಕು ಆಸ್ಪತ್ರೆಯಲ್ಲೇ ಪ್ಲಾಸ್ಮಾ ಬೇರ್ಪಡಿಸಿ, ಆಮೇಲೆ ಹೆಪ್ಪುಗಟ್ಟಿಸಿ ಜಿಲ್ಲೆಗೋ ಬೆಂಗಳೂರಿಗೋ ಕಳಿಸಿದರೆ ಮುಗಿಯಿತು. ಕುದಾಪುರದ ಐಐಎಸ್‌ಸಿ ಕ್ಯಾಂಪಸ್ಸಿಗೆ, ಡಿಆರ್‌ಡಿಒ ವಿಮಾನ ಪರೀಕ್ಷೆಯ ಬಯಲಿಗೆ ಸಾವಿರಾರು ಎಕರೆ ಅಮೃತಮಹಲ್ ಕಾವಲು ಬಿಟ್ಟುಕೊಟ್ಟ ಜನ ಈ ಸೀಮೆಯವರು. ದೇಶದ ವಿಜ್ಞಾನಕ್ಕೆ ಅಷ್ಟು ಕೊಟ್ಟವರಿಗೆ ವಿಜ್ಞಾನದ ಒಂದು ರಕ್ತ ಪರೀಕ್ಷೆ ಪುಕ್ಕಟೆ ಸಿಗುವುದು ನ್ಯಾಯ.

ಅಲ್ಲಿಯವರೆಗೆ, ಬಿಪಿ ಮಾತ್ರೆ ತಿನ್ನುವ ಓದುಗರಲ್ಲಿ ನನ್ನ ಕೋರಿಕೆ ಇಷ್ಟು. ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಪೊಟ್ಯಾಸಿಯಂ ಪರೀಕ್ಷೆ ಮಾಡಿಸಿ. ಮೇಲಿನ ಪಟ್ಟಿಯಲ್ಲಿ ನೀವು ಸೇರಿದ್ದರೆ, ಪೊಟ್ಯಾಸಿಯಂ ಸರಿಯಿದ್ದರೂ, ಆಲ್ಡೋಸ್ಟಿರೋನ್-ರೆನಿನ್ ಪರೀಕ್ಷೆ ನನಗೆ ಬೇಕೇ ಎಂದು ವೈದ್ಯರನ್ನು ಹೆಸರು ಹಿಡಿದು ಕೇಳಿ. ನಡೆಯುತ್ತಿರುವ ಮಾತ್ರೆಯನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ.